ಸ್ಪಷ್ಟನೆ: ಸ್ಕೀಮಾ ಕೋಡ್ ಹಾಕಿದರೆ ಮೊದಲ ಸ್ಥಾನ ಸಿಗುವುದಿಲ್ಲ

‘ವೆಬ್‌ಸೈಟಿಗೆ ಸ್ಕೀಮಾ ಕೋಡ್ ಸೇರಿಸಿದರೆ ಗೂಗಲ್‌ನಲ್ಲಿ ಮೊದಲ ಸ್ಥಾನ ಖಚಿತ, ಅಂಗಡಿಯ ಹೆಸರಿನ ಕೆಳಗೆ ಐದು ನಕ್ಷತ್ರಗಳೂ ಕಾಣುತ್ತವೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇವೆರಡೂ ಸರಿಯಲ್ಲ. ಪುಟದಲ್ಲಿರುವುದು ಬೆಲೆಯೋ, ವಿಳಾಸವೋ, ಅಂಗಡಿ ತೆರೆಯುವ ವೇಳೆಯೋ ಎಂಬುದನ್ನು ಶೋಧಯಂತ್ರಕ್ಕೆ ತಿಳಿಸುವುದಷ್ಟೇ ಈ ಕೋಡಿನ ಕೆಲಸ. ಅದು ದೋಷರಹಿತವಾಗಿದ್ದರೂ ವಿಶೇಷ ಫಲಿತಾಂಶ (ನಕ್ಷತ್ರ, ಬೆಲೆ ಮುಂತಾದ ಹೆಚ್ಚುವರಿ ವಿವರಗಳೊಂದಿಗೆ ಕಾಣುವ ಶೋಧ ಫಲಿತಾಂಶ) ಕಾಣಿಸಿಯೇ ತೀರುತ್ತದೆಂಬ ಖಾತರಿ ಇಲ್ಲವೆಂದು ಗೂಗಲ್‌ನ ಮಾರ್ಗಸೂಚಿಯೇ ಹೇಳುತ್ತದೆ. ನಕ್ಷತ್ರಗಳ ವಿಚಾರವಂತೂ ಇನ್ನೂ ಸ್ಪಷ್ಟ: ಅಂಗಡಿಯೊಂದು ತನ್ನದೇ ಪುಟದಲ್ಲಿ ತನ್ನ ಬಗೆಗಿನ ವಿಮರ್ಶೆಗಳಿಗೆ ‘ಲೋಕಲ್‌ಬಿಸಿನೆಸ್’ (ಸ್ಥಳೀಯ ವ್ಯಾಪಾರ ಎಂದು ಸೂಚಿಸುವ ಸ್ಕೀಮಾ) ಗುರುತು ಹಾಕಿದರೆ, 2019ರ ಸೆಪ್ಟೆಂಬರ್‌ನಿಂದ ಗೂಗಲ್ ಅದಕ್ಕೆ ನಕ್ಷತ್ರ ತೋರಿಸುವುದಿಲ್ಲ. ಓದುಗರಿಗೆ ಕಾಣದ ರೇಟಿಂಗನ್ನು ಕೋಡಿನಲ್ಲಿ ಮಾತ್ರ ಬರೆಯುವುದು ನಿಯಮಭಂಗವಾಗಿದ್ದು, ಆ ಪುಟ ವಿಶೇಷ ಫಲಿತಾಂಶದ ಅರ್ಹತೆಯನ್ನೇ ಕಳೆದುಕೊಳ್ಳಬಹುದು. ಸಣ್ಣ ವ್ಯಾಪಾರಿಗಳು ಇದನ್ನು ನಂಬಿ ಹಣ ತೆರುವ ಸಂಭವವಿರುವುದರಿಂದ, ದಯವಿಟ್ಟು ಈ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ.