ತಗಡಿನ ಕೆಳಗೆ ನಿಂತ ಜೋಡಿ

"ಕುದ್ರೆ ಗಾಡಿಗೂ ಸೀಲಿಂಗ್ ಹೊಡಿತಿದ್ದೀಯಾ? ನಿಂಗೇನ್ಲಾ ಬ್ಯಾರೆ ಕೆಲ್ಸ ಇಲ್ವಾ?" ಅಂತ ಮಂಡ್ಯದಿಂದ ಅಣ್ಣ ಫೋನಿನಲ್ಲಿ ನಕ್ಕ. ಆ ನಗು ಇನ್ನೂ ಚುಚ್ಚುತ್ತಿದೆ.

ನಾನಿರುವುದು ಟೆಕ್ಸಾಸಿನಲ್ಲಿ. ಪಕ್ಕದ ಮನೆಯ ಹಿರಿಯರ ಹತ್ತಿರ ಎರಡು ಕುದುರೆಗಳಿವೆ. ಅವನ್ನು ಸಾಗಿಸುವ ಟ್ರೇಲರ್‌ಗೆ ಚಾವಣಿ ಅಂತ ಇದ್ದಿದ್ದು ಬರೀ ಅಲ್ಯೂಮಿನಿಯಂ ತಗಡು. ಜುಲೈ ಮಧ್ಯಾಹ್ನ ಒಳಗೆ ಕರೆದು, ಮೇಲೆ ಕೈ ಇಟ್ಟು ನೋಡು ಅಂದರು. ಇಟ್ಟೆ. ಕಾದ ಕಾವಲಿ ಮುಟ್ಟಿದ ಹಾಗೆ ಚುರ್ ಅಂತು. ಕುದುರೆ ತಲೆ ಎತ್ತಿದರೆ ಕಿವಿಗೂ ಆ ತಗಡಿಗೂ ಒಂದು ಗೇಣು ಅಷ್ಟೇ.

ಎರಡು ಶನಿವಾರ ಇಬ್ಬರೂ ಸೇರಿ ಕೆಲಸ ಮಾಡಿದೆವು. ಚಾವಣಿಯ ಪಟ್ಟಿಗಳ ನಡುವೆ 1 ಇಂಚಿನ ಗಟ್ಟಿ ಫೋಮ್ ಶೀಟು ಕತ್ತರಿಸಿ ಕೂರಿಸಿದೆವು. ಅದರ ಬೆಳ್ಳಿ ಮುಖ ಕೆಳಗೆ, ಅದರ ಕೆಳಗೆ ಮುಕ್ಕಾಲು ಇಂಚು ಖಾಲಿ ಜಾಗ. ಆ ಜಾಗ ಬಿಡದೆ ಕೆಳಗೆ ಮುಚ್ಚುವ ತಗಡಿಗೆ ಒತ್ತಿದರೆ ಹೊಳೆಯುವ ಹಾಳೆ ಸುಮ್ನೆ ದಂಡ, ಕಾವು ಅದರೊಳಗೇ ಹಾದು ಬರುತ್ತದೆ. ಗಾಜಿನ ಉಣ್ಣೆ ಬೇಡವೇ ಬೇಡ ಅಂದರು, ಕುದುರೆಯ ಉಸಿರಿನ ತೇವ ಹೀರಿ ಒದ್ದೆಯಾಗಿ ಕೂರುತ್ತದಂತೆ. ಕುದುರೆ ಕಚ್ಚಬಾರದು ಅಂತ ಕೆಳಗೆ ತೆಳು ತಗಡು ಮುಚ್ಚಿ ರಿವೆಟ್ ಹೊಡೆದೆವು. ಹೊರಗೆ ಬಿಳಿ ಬಣ್ಣ. ಗಾಳಿ ಕಿಂಡಿಗಳನ್ನು ಮಾತ್ರ ಮುಟ್ಟಲಿಲ್ಲ.

ರಿವೆಟ್ ಹೊಡೆಯುವಾಗಲೆಲ್ಲ ನನಗೆ ನೆನಪಾಗಿದ್ದು ಬೇಬಿ ಬೆಟ್ಟದ ದನಗಳ ಜಾತ್ರೆ. ಶಿವರಾತ್ರಿ ಸಮಯ, ಚಳಿ ಆಗಲೇ ಶಿವಶಿವಾ ಅಂತ ಓಡಿಹೋಗಿತ್ತು. ಅಣ್ಣನ ಹಳ್ಳಿಕಾರ್ ಎತ್ತಿನ ಜೋಡಿಯನ್ನು ಅವನದೇ ಟೆಂಪೊದಲ್ಲಿ ಹೊಡೆದುಕೊಂಡು ಹೋದೆವು. ಮೇಲೆ ಹೊಸ ತಗಡಿನ ಟಾಪು. ಪಾಂಡವಪುರದ ಹತ್ತಿರ ಊಟಕ್ಕೆ ಅಂತ ಬಿಸಿಲಲ್ಲೇ ನಿಲ್ಲಿಸಿದೆವು. ವಾಪಸ್ ಬಂದು ನೋಡಿದರೆ ಎರಡೂ ನಾಲಗೆ ಚಾಚಿದ್ದವು, ಜೊಲ್ಲು ನೂಲಿನ ಹಾಗೆ ಇಳಿಯುತ್ತಿತ್ತು. ಕುದುರೆಯಾದರೂ ಚೆನ್ನಾಗಿ ಬೆವರುತ್ತದೆ, ಎತ್ತಿಗೆ ಅಷ್ಟು ಬೆವರೂ ಬರಲ್ಲ. ಕೊಂಬಿಗೆ ಹಿತ್ತಾಳೆ ಅಣಸು, ಕೊರಳಿಗೆ ಗೆಜ್ಜೆ, ಬೆನ್ನಿಗೆ ಕಸೂತಿ ಬಟ್ಟೆ, ಇದಕ್ಕೆಲ್ಲ ದುಡ್ಡು ಸುರಿದಿದ್ದೆವು. ಸಂಕ್ರಾಂತಿಗೆ ಮೈ ತೊಳೆದು ಕಿಚ್ಚು ಹಾಯಿಸಿ ಕೈ ಮುಗಿದಿದ್ದೆವು. ತಲೆ ಮೇಲಿನ ತಗಡಿನ ಯೋಚನೆ ಒಬ್ಬರಿಗೂ ಬರಲಿಲ್ಲ. ನನಗೂ ಬರಲಿಲ್ಲ. ಇಷ್ಟು ಪ್ರೀತಿ ಇರುವ ಕಡೆ ಇಷ್ಟು ಅಸಡ್ಡೆ ಹೇಗೆ ಬಂತು? ನನಗೆ ಸಿಟ್ಟು ಬರುವುದು ಇದಕ್ಕೇ.

ಊರಿನವರಿಗೆ ಗೊತ್ತೇ ಇಲ್ಲ ಅನ್ನುವುದಕ್ಕೂ ಆಗಲ್ಲ, ಅದನ್ನೂ ಹೇಳಬೇಕು. ಅಪ್ಪ ಇದ್ದಾಗ ಬೇಸಿಗೆ ಶುರುವಾದರೆ ಕೊಟ್ಟಿಗೆಯ ಶೀಟಿನ ಮೇಲೆ ತೆಂಗಿನ ಗರಿ, ಅದರ ಮೇಲೆ ಕಬ್ಬಿನ ಸೋಗೆ ದಪ್ಪಗೆ ಹರಡಿ, ಗಾಳಿಗೆ ಹಾರದ ಹಾಗೆ ಹಗ್ಗ ಬಿಗಿಯುತ್ತಿದ್ದರು. ಒಳಗೆ ತಣ್ಣಗಿರುತ್ತಿತ್ತು. ಸೋಗೆಯ ಸಂದಿಯಲ್ಲಿ ನಿಂತ ಗಾಳಿ ಮಾಡುತ್ತಿದ್ದ ಕೆಲಸವನ್ನೇ ನಮ್ಮ ಫೋಮ್ ಮಾಡುತ್ತಿದೆ, ಅಷ್ಟೇ ಅಲ್ವಾ? ಮೊದಲಿನ ತೆರೆದ ಲಾರಿಗಳಲ್ಲಿ ದನಗಳಿಗೆ ಗಾಳಿಯಾದರೂ ಸಿಗುತ್ತಿತ್ತು. ಫೋಮ್ ಹಾಕುವ ಮೊದಲು ಇಲ್ಲಿನ ಈ ಮುಚ್ಚಿದ ಟ್ರೇಲರ್‌ನಲ್ಲಿ ಚಳಿಗಾಲದ ರಾತ್ರಿ ಕುದುರೆಯ ಉಸಿರೇ ತಣ್ಣನೆ ತಗಡಿಗೆ ತಾಗಿ ನೀರಾಗಿ, ಬೆಳಗಾಗುವಷ್ಟರಲ್ಲಿ ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತಂತೆ.

ಡಿಸೆಂಬರ್‌ಗೆ ಊರಿಗೆ ಬರುತ್ತಿದ್ದೇನೆ. ಟಾಪಿನ ಅಳತೆ ಕಳಿಸು ಅಂತ ಅಣ್ಣನಿಗೆ ಮೆಸೇಜ್ ಹಾಕಿದೆ. ಎರಡು ದಿನ ಸುಮ್ಮನಿದ್ದು ಬರೆದಿದ್ದಾನೆ: "ಹತ್ತಡಿ ಉದ್ದ, ಆರಡಿ ಅಗಲ. ಕಿಂಡಿ ಎಲ್ ಬಿಡಾದು ಯೋಳು."