ಸತ್ಯಾಂಶ: ಕರ್ನಲ್ ಸ್ಯಾಂಡರ್ಸ್ ಸೊನ್ನೆಯಿಂದ ಶುರು ಮಾಡಿದ್ದು 65ಕ್ಕಾ?

'65 ವರ್ಷದವರೆಗೆ ಬರೀ ಸೋಲು, ಆಮೇಲೆ ಕೆಎಫ್‌ಸಿ ಶುರು ಮಾಡಿ ಗೆದ್ದರು.' ಕರಿದ ಕೋಳಿಗೆ ಹೆಸರಾದ ಕೆಎಫ್‌ಸಿ ಹೋಟೆಲ್ ಸರಣಿಯ ಸ್ಥಾಪಕ ಹಾರ್ಲ್ಯಾಂಡ್ ಸ್ಯಾಂಡರ್ಸ್ ಬಗ್ಗೆ ಈ ಮೆಸೇಜ್ ನಿಮಗೂ ಬಂದಿರಬೇಕು, ಅಲ್ವಾ? ಇದು ಪೂರ್ತಿ ನಿಜವಲ್ಲ.

ಅವರು ಹುಟ್ಟಿದ್ದು 1890ರಲ್ಲಿ. 1930ರಲ್ಲೇ ಅಮೆರಿಕದ ಕೆಂಟಕಿಯ ಕಾರ್ಬಿನ್ ಊರಿನ ಪೆಟ್ರೋಲ್ ಬಂಕ್‌ನಲ್ಲಿ ದಾರಿಹೋಕರಿಗೆ ಅಡುಗೆ ಮಾಡಿ ಬಡಿಸುತ್ತಿದ್ದರು. ಆ ಊಟಕ್ಕೆ ಒಳ್ಳೇ ಹೆಸರು ಬಂತು. 1935ರಲ್ಲಿ ರಾಜ್ಯದ ಗವರ್ನರ್ 'ಕರ್ನಲ್' ಎಂಬ ಗೌರವ ಕೊಟ್ಟರು (ಇದು ಸೇನೆಯ ಹುದ್ದೆಯಲ್ಲ). ಪ್ರೆಷರ್ ಕುಕ್ಕರ್ ಬಳಸಿ ಕೋಳಿಯನ್ನು ಬೇಗ ಕರಿಯುವುದನ್ನೂ ಅಲ್ಲೇ ರೂಢಿಸಿಕೊಂಡರು. ಕೆಎಫ್‌ಸಿಯ ಮೊದಲ ಫ್ರಾಂಚೈಸಿ (ಅದೇ ಹೆಸರು, ಅದೇ ಪಾಕದಲ್ಲಿ ಬೇರೆಯವರು ಹಣ ಕೊಟ್ಟು ನಡೆಸುವ ಹೋಟೆಲ್) ಶುರುವಾಗಿದ್ದು 1952ರಲ್ಲಿ, ಸಾಲ್ಟ್ ಲೇಕ್ ಸಿಟಿಯಲ್ಲಿ.

65ರ ಹೊತ್ತಿಗೆ ಆಗಿದ್ದೇ ಬೇರೆ. ಹೊಸ ಹೆದ್ದಾರಿ ಊರನ್ನು ಬಿಟ್ಟು ಹಾದುಹೋಗುವುದೆಂದಾಯಿತು. ಗಿರಾಕಿಗಳು ಕೈತಪ್ಪುವಂತಾಗಿ ಕಾರ್ಬಿನ್‌ನಲ್ಲಿ ನಡೆಸುತ್ತಿದ್ದ ಹೋಟೆಲ್ ಮಾರಬೇಕಾಯಿತು. ಆಮೇಲೆ ಕಾರಿನಲ್ಲಿ ಊರೂರು ಸುತ್ತಿ ಫ್ರಾಂಚೈಸಿ ಬೆಳೆಸಿದರು. ಆ ವಯಸ್ಸಿನಲ್ಲಿ ಅಷ್ಟು ಓಡಾಡಿದ್ದು ನಿಜವೇ. ಆದರೆ ಅದರ ಹಿಂದೆ 25 ವರ್ಷ ಒಲೆ ಮುಂದೆ ನಿಂತ ಅನುಭವವಿತ್ತು.