ಸತ್ಯಾಂಶ: ಮಿಕ್ಸಿಯಲ್ಲಿ ಗ್ರಾಫೀನ್ ಆಗುತ್ತದೆಯೇ?

ಪೆನ್ಸಿಲ್ ಕಡ್ಡಿಯ ಪುಡಿ, ನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಮಿಕ್ಸಿ ತಿರುಗಿಸಿದರೆ ಶುದ್ಧ ಗ್ರಾಫೀನ್ (ಒಂದೇ ಪರಮಾಣುವಿನಷ್ಟು ದಪ್ಪದ ಇಂಗಾಲದ ಹಾಳೆ) ಸಿದ್ಧ ಎಂಬ ಸಂದೇಶ ಮೈಸೂರಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ.

ಇದರ ಮೂಲ ಸುಳ್ಳಲ್ಲ. 2014ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಜೊನಾಥನ್ ಕೋಲ್ಮನ್ ತಂಡ ಗ್ರಾಫೈಟ್ (ಪೆನ್ಸಿಲ್ ಕಡ್ಡಿಯಲ್ಲೂ ಇರುವ, ಪದರ ಪದರವಾದ ಇಂಗಾಲ) ಪುಡಿಯಿಂದ ಅಡುಗೆಮನೆಯ ಬ್ಲೆಂಡರಿನಲ್ಲೇ ಗ್ರಾಫೀನ್ ಮಾಡಿ ತೋರಿಸಿತು. ಗ್ರಾಫೈಟಿನ ಪದರಗಳ ನಡುವಿನ ಹಿಡಿತ ದುರ್ಬಲ. ರಭಸವಾಗಿ ಸುತ್ತುವ ದ್ರವದ ಎಳೆತಕ್ಕೆ ಅವು ಒಂದರ ಮೇಲಿಂದ ಒಂದು ಜಾರಿ ಬಿಡಿಸಿಕೊಳ್ಳುತ್ತವೆ. ಸೋಪಿನ ಅಣುಗಳು ಆ ಚೂರುಗಳಿಗೆ ಅಂಟಿ, ಅವು ಮತ್ತೆ ಒಟ್ಟುಗೂಡದಂತೆ ತಡೆಯುತ್ತವೆ. ಎಷ್ಟು ಸೊಗಸಾದ ವಿಧಾನ!

ಆದರೆ ಬಹುಪಾಲು ಗ್ರಾಫೈಟ್ ಹಾಗೆಯೇ ಉಳಿಯುತ್ತದೆ. ಅದನ್ನು ಸೆಂಟ್ರಿಫ್ಯೂಜ್ ಯಂತ್ರದಿಂದ, ಅಂದರೆ ದ್ರವವನ್ನು ರಭಸವಾಗಿ ತಿರುಗಿಸಿ ಭಾರದ ಕಣಗಳನ್ನು ತಳಕ್ಕಿಳಿಸುವ ಯಂತ್ರದಿಂದ, ಬೇರ್ಪಡಿಸಬೇಕು. ಆಮೇಲೆ ಸಿಗುವುದೂ ಹೆಚ್ಚಾಗಿ ಕೆಲವು ಪದರಗಳ ಚೂರುಗಳೇ. ಪೆನ್ಸಿಲ್ ಕಡ್ಡಿಯಲ್ಲಂತೂ ಜೇಡಿಮಣ್ಣು ಬೆರೆತಿರುತ್ತದೆ. ಜಾರಿನ ಕಪ್ಪು ನೀರನ್ನು ಶುದ್ಧ ಗ್ರಾಫೀನ್ ಎನ್ನಲಾಗದು. ಪ್ರಯೋಗ ಮಾಡುವ ಮಕ್ಕಳಿಗೆ ಅಡುಗೆಯ ಜಾರು ಕೊಡಬೇಡಿ. ಗ್ರಾಫೈಟ್ ಧೂಳನ್ನು ಉಸಿರಾಡುವುದೂ ಒಳ್ಳೆಯದಲ್ಲ.